ಕಲ್ಲುಹೂವಿನ ಪುಸ್ತಕದ ಒಡತಿ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಹತ್ತು ಪರ್ಸೆಂಟ್ ಅಕ್ಕ. ಹೊಸಬರು ಕೇಳಿದರೆ ಇದೇನೋ ಲಂಚದ ವ್ಯವಹಾರ ಎಂದು ಗಾಬರಿ ಬೀಳಬೇಕು, ಹಾಗಿತ್ತು ಆ ಹೆಸರು. ಪಾಪ, ಅಕ್ಕ ಯಾರ ಕೈಯಿಂದಲೂ ಒಂದು ಲೋಟ ಟೀ ಕೂಡ ಪುಕ್ಕಟೆ ಕುಡಿದವಳಲ್ಲ. ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಓದುವಂತೆ ಹಾಕುವುದು ಅವಳ ಕೆಲಸ. ಕಾಪಿರೈಟ್ ನಿಯಮದ ಪ್ರಕಾರ ಒಂದು ಪುಸ್ತಕದಿಂದ ಒಂದು ಅಧ್ಯಾಯ, ಇಲ್ಲವೇ ನೂರಕ್ಕೆ ಹತ್ತು ಪುಟ. ಅದರ ಮೇಲೆ ಒಂದೇ ಒಂದು ಪುಟ ಕೇಳಿದರೂ, ಜಪ್ಪಯ್ಯ ಅಂದರೂ ಅಕ್ಕ ಬಗ್ಗುತ್ತಿರಲಿಲ್ಲ.

ಮೇಷ್ಟ್ರುಗಳೇನು ಕಡಿಮೆಯೇ? ಒಂದನೇ ಅಧ್ಯಾಯ ತಮ್ಮ ಹೆಸರಿನಲ್ಲಿ ಕೇಳುವುದು, ಎರಡನೆಯದು ಇನ್ನೊಂದು ವಿಭಾಗದಲ್ಲಿ ಪಾಠ ಮಾಡುವ ಹೆಂಡತಿಯ ಹೆಸರಿನಲ್ಲಿ. ಅಂಥವರೊಬ್ಬರಿಗೆ ಅಕ್ಕ ನಗುನಗುತ್ತಲೇ, ಸಾರ್, ನಿಮ್ಮ ಮನೆಯವರಿಗೆ ಎರಡನೇ ಅಧ್ಯಾಯ ಕೊಟ್ಟಾಗಿದೆ, ಸಂಜೆ ಒಬ್ಬರಿಗೊಬ್ಬರು ಓದಿ ಹೇಳಿ ಎಂದು ಕಳಿಸಿದ್ದಳು. ಅವರು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಅವಳ ಕೋಣೆ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ, ಲಿಫ್ಟಿನ ಪಕ್ಕ. ಪುಸ್ತಕವನ್ನು ಬೆನ್ನು ಮುರಿಯದಂತೆ ಅರ್ಧ ತೆರೆದು ಮಲಗಿಸಲು ಒಂದು ತೊಟ್ಟಿಲು, ಮೇಲೆ ಎರಡು ಕ್ಯಾಮೆರಾ, ಕಾಲ ಬಳಿ ಒಂದು ಪೆಡಲ್. ಪುಟ ತಿರುಗಿಸು, ಗಾಜು ಇಳಿಸು, ಪೆಡಲ್ ಒತ್ತು. ಬೆಳಗಿನಿಂದ ಸಂಜೆಯವರೆಗೆ ಇದೇ. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ, ನಾನು ಜನರನ್ನ ಮೇಲೆ ಕೆಳಗೆ ಓಡಾಡಿಸ್ತೀನಿ, ನೀನು ಪುಟಗಳನ್ನ ಎಡಕ್ಕೆ ಬಲಕ್ಕೆ ಓಡಾಡಿಸ್ತೀಯ, ಒಟ್ಟಿನಲ್ಲಿ ನಾವಿಬ್ಬರೂ ಎಲ್ಲಿಗೂ ಹೋಗೋದಿಲ್ಲ ಎಂದು ರೇಗಿಸುತ್ತಿದ್ದ. ಅಕ್ಕನಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ತನ್ನ ಕೈಯಿಂದ ಒಂದು ತಪ್ಪೂ ಆಗಿಲ್ಲ ಎಂಬ ಹೆಮ್ಮೆ ಮಾತ್ರ ಒಳಗೊಳಗೇ ಚೆನ್ನಾಗಿ ಬೆಳೆದಿತ್ತು.

ಹೀಗಿರುವಾಗ ಹಳೆಯ ಕಟ್ಟಡಗಳ ಬಗ್ಗೆ ಪಾಠ ಮಾಡುವ ಮೇಷ್ಟ್ರೊಬ್ಬರು ಒಂದು ಸಣ್ಣ ಪುಸ್ತಕ ಹಿಡಿದುಕೊಂಡು ಬಂದರು. ಕಲ್ಲುಹೂವಿನ ಮೇಲಿನ ಪುಸ್ತಕ. ಹಳೆಯ ಕಲ್ಲುಗೋಡೆಗಳ ಮೇಲೆ ಬೂದುಬಣ್ಣದ ಚಕ್ಕೆಗಳ ಹಾಗೆ ಅಂಟಿಕೊಂಡು ದುಂಡಗೆ ಹಬ್ಬುತ್ತದಲ್ಲ, ಅದೇ. ಅದರ ಅಗಲ ಅಳೆದರೆ ಗೋಡೆಗೆ ಎಷ್ಟು ವಯಸ್ಸಾಯಿತು ಎಂದು ಹೇಳಬಹುದು ಎನ್ನುತ್ತಿತ್ತು ಪುಸ್ತಕ. ಮೇಷ್ಟ್ರಿಗೆ ಒಂದು ಅಧ್ಯಾಯ ಸಾಲದು, ಇಡೀ ಪುಸ್ತಕ ಬೇಕು. ಮುಂದಿನ ತಿಂಗಳು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರಿನ ಗೋಡೆಗಳನ್ನೆಲ್ಲ ಅಳೆಯುವವರಿದ್ದರು. ಅಂಗಡಿಯಲ್ಲಿ ಸಿಗುವುದಿಲ್ಲ, ಇರುವುದು ಗ್ರಂಥಾಲಯದ ಒಂದೇ ಪ್ರತಿ, ಅದೂ ಅಕ್ಕ ಹುಟ್ಟುವ ಮೊದಲೇ ಅಚ್ಚಾದದ್ದು.

ಅದಕ್ಕೂ ಕಾಯ್ದೆಯಲ್ಲಿ ಒಂದು ದಾರಿಯಿತ್ತು. ಪುಸ್ತಕದ ಹಕ್ಕುದಾರರು ಯಾರೆಂದು ಪ್ರಾಮಾಣಿಕವಾಗಿ ಹುಡುಕಬೇಕು. ಎಷ್ಟು ಹುಡುಕಿದರೂ ಸಿಗದಿದ್ದರೆ ಅದನ್ನು ಅನಾಥ ಕೃತಿ ಎಂದು ಘೋಷಿಸಿ ಪೂರ್ತಿ ಹಾಕಬಹುದು. ಅಕ್ಕ ಟೊಂಕ ಕಟ್ಟಿ ಹುಡುಕಾಟಕ್ಕಿಳಿದಳು. ಪ್ರಕಾಶಕರ ವಿಳಾಸಕ್ಕೆ ಹೋದರೆ ಅಲ್ಲೊಂದು ಚಪ್ಪಲಿ ಅಂಗಡಿ. ಹಕ್ಕುಗಳ ಕಚೇರಿಗೆ ಬರೆದಳು, ಬರಹಗಾರರ ಸಂಘಕ್ಕೆ ಬರೆದಳು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ನಿಯಮದಷ್ಟು ದಿನ ಕಾದಳು. ಎಲ್ಲಿಂದಲೂ ಚಕಾರವಿಲ್ಲ. ಬರೆದ ಹೆಣ್ಣುಮಗಳು ಯಾವ ಕಾಲಕ್ಕೋ ತೀರಿಕೊಂಡಿರಬೇಕು ಎಂದು ತನ್ನಷ್ಟಕ್ಕೆ ತಾನೇ ಅಂದುಕೊಂಡು, ಅನಾಥ ಎಂದು ನಮೂದಿಸಿ, ಪುಸ್ತಕವನ್ನು ತೊಟ್ಟಿಲಲ್ಲಿ ಮಲಗಿಸಿದಳು.

ಆ ಪುಸ್ತಕದಲ್ಲಿ ಚಿತ್ರಗಳಿದ್ದವು. ಎಲ್ಲವೂ ಕೈಯಲ್ಲಿ ಬರೆದವು, ಇದ್ದದ್ದು ಇದ್ದಷ್ಟೇ ಗಾತ್ರದಲ್ಲಿ. ಒಂದೊಂದು ಕಲ್ಲುಹೂವಿನ ಅಂಚಿನ ಪ್ರತಿಯೊಂದು ಸುಕ್ಕು, ಪ್ರತಿಯೊಂದು ಬಿರುಕು. ಅಕ್ಕ ಪೆಡಲ್ ಒತ್ತುವುದನ್ನೇ ಮರೆತು ನೋಡುತ್ತ ಕೂತುಬಿಟ್ಟಳು. ದಿನಾ ಎಷ್ಟು ಗೋಡೆಗಳ ಪಕ್ಕ ನಡೆದುಹೋಗುತ್ತಾಳೋ, ಒಮ್ಮೆಯಾದರೂ ಕಣ್ಣೆತ್ತಿ ನೋಡಿದ್ದಳೇ? ಗೋಡೆಯ ಬಣ್ಣ ಹೋಗಿದೆ ಅಂದುಕೊಂಡಿದ್ದಳು, ಅಷ್ಟೇ.

ಪುಸ್ತಕ ಕಂಪ್ಯೂಟರಿಗೆ ಏರಿ ವಾರ ಕಳೆದಿರಲಿಲ್ಲ, ಓದುವ ಕೋಣೆಯ ಭೂತಗನ್ನಡಿ ಅಜ್ಜಿ ಅಕ್ಕನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಎಂದೋ ನಿವೃತ್ತರಾದ ಶಾಲೆಯ ಟೀಚರ್ ಅವರು. ಬೆಳಗಾದರೆ ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ಬರುವುದು, ಕಿಟಕಿ ಪಕ್ಕ ಕೂತು ಭೂತಗನ್ನಡಿ ಹಿಡಿದು ಪೇಪರ್ ಓದುವುದು, ಊಟದ ಹೊತ್ತಿಗೆ ಮನೆಗೆ ಹೋಗುವುದು. ಅವರನ್ನು ಅರಿಯದವರೇ ಇರಲಿಲ್ಲ. ದಾರಿ ತಪ್ಪಿ ಬಂದಿರಬೇಕು ಎಂದು ಅಕ್ಕ ಕುರ್ಚಿ ಎಳೆದುಕೊಟ್ಟಳು. ಅಜ್ಜಿ ಕೂರಲಿಲ್ಲ.

"ಪಕ್ಕದಲ್ಲಿ ಕೂತಿದ್ದ ಹುಡುಗಿಯ ಕಂಪ್ಯೂಟರಲ್ಲಿ ನೋಡಿದೆ," ಅಂದರು. "ಅನಾಥ ಅಂತ ಹಾಕಿದ್ದೀಯಲ್ಲಮ್ಮ. ಅದರ ತಾಯಿ ದಿನಾ ಇಲ್ಲೇ ಪೇಪರ್ ಓದ್ತಾ ಕೂತಿರ್ತಾಳೆ."

 ಗ್ರಂಥಾಲಯದಲ್ಲಿ ಬರೆದವರ ಹೆಸರುಗಳು ಒಂದು ಕಂಪ್ಯೂಟರಿನಲ್ಲಿ, ಓದುವವರ ಹೆಸರುಗಳು ಇನ್ನೊಂದರಲ್ಲಿ. ಬರೆದವರನ್ನು ಓದುವವರ ನಡುವೆ ಹುಡುಕಬೇಕು ಎಂದು ಯಾವ ನಿಯಮದಲ್ಲೂ ಇಲ್ಲ, ಯಾರಿಗೂ ಹೊಳೆದದ್ದೂ ಇಲ್ಲ. ಅಕ್ಕ ಸದಸ್ಯರ ಪಟ್ಟಿ ತೆರೆದಳು. ಅದೇ ಹೆಸರು, ಅದೇ ಇನಿಷಿಯಲ್, ಎರಡು ಬೀದಿ ಆಚೆಗಿನ ಮನೆ. ಹೋಗಲಿ ಅಂದರೆ ಪ್ರತಿ ವರ್ಷ ಕೌಂಟರಿನಲ್ಲಿ ಜನ ಸಾಲದಾದಾಗ ಕೂತು ಅವರ ಕಾರ್ಡನ್ನು ನವೀಕರಿಸಿ ಕೊಡುತ್ತಿದ್ದವಳೂ ಅಕ್ಕನೇ! ಕಾರ್ಡಿನಲ್ಲಿ ನಂಬರ್ ನೋಡುತ್ತಾರೆಯೇ ಹೊರತು ಹೆಸರನ್ನು ಯಾರು ಓದುತ್ತಾರೆ? ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು ಅವಳಿಗೆ.

ಕ್ಷಮೆ ಕೇಳಲು ಬಾಯಿ ತೆರೆದಳು. ಅಜ್ಜಿ ಕೈ ಅಡ್ಡ ಮಾಡಿದರು. ತನ್ನನ್ನು ಕೇಳದೆ ಹಾಕಿದ್ದಕ್ಕೆ ಅವರಿಗೆ ಕೋಪವಿರಲಿಲ್ಲ. ಕೋಪ ಇದ್ದದ್ದು ಬೇರೆಯದಕ್ಕೆ.

"ಅದರಲ್ಲಿ ತಪ್ಪಿದೆ. ದೊಡ್ಡ ತಪ್ಪು. ನಾನು ಅದನ್ನ ಮುಚ್ಚಿ ಮಣ್ಣು ಮಾಡಿ ಆಗಿತ್ತು, ನೀನು ತೋಡಿ ಎಬ್ಬಿಸಿದ್ದೀಯ. ತೆಗೆದುಬಿಡು."

ತಪ್ಪೇನೆಂದು ಅವರೇ ವಿವರಿಸಿದರು. ಒಂದು ಗೋಡೆಯ ಕಲ್ಲುಹೂವನ್ನು ಹತ್ತು ವರ್ಷ ಅಳೆದು, ಅದು ವರ್ಷ ವರ್ಷವೂ ಒಂದೇ ಸಮನಾಗಿ ಬೆಳೆಯುತ್ತದೆ ಎಂದು ಬರೆದಿದ್ದರು. ಪುಸ್ತಕ ಬಂದ ಮೇಲೂ ಅಳೆಯುವುದನ್ನು ಬಿಡಲಿಲ್ಲ. ನೋಡಿದರೆ ಬೆಳವಣಿಗೆ ಕಡಿಮೆಯಾಗುತ್ತ, ಆಗುತ್ತ ಬಂತು. ಅಂದಮೇಲೆ ಪುಸ್ತಕದ ಲೆಕ್ಕ ಹಿಡಿದು ಅಳೆದರೆ ಮುದಿಗೋಡೆಯೂ ಎಳೆಗೋಡೆಯಾಗಿ ಕಾಣುತ್ತದೆ. ತಿದ್ದುಪಡಿ ಹಾಕಿ ಎಂದು ಪ್ರಕಾಶಕರ ಬಳಿ ಹೋಗಿದ್ದರಂತೆ. ಮೊದಲನೆಯದನ್ನೇ ಯಾರೂ ಕೊಳ್ಳಲಿಲ್ಲ, ತಿದ್ದಿದ್ದನ್ನು ಯಾರು ಕೇಳುತ್ತಾರೆ ಎಂದು ಅವರು ನಕ್ಕು ಕಳಿಸಿದ್ದರು. ಆವತ್ತೇ ಅಜ್ಜಿ ಆ ಪುಸ್ತಕದ ಆಸೆ ಬಿಟ್ಟಿದ್ದರು.

ಹಕ್ಕುದಾರರು ಬೇಡ ಎಂದ ಮೇಲೆ ಮೀನಮೇಷ ಎಣಿಸುವಂತಿಲ್ಲ. ಅಜ್ಜಿಯ ಕಣ್ಣೆದುರೇ ಅಕ್ಕ ಪುಸ್ತಕವನ್ನು ಕಂಪ್ಯೂಟರಿನಿಂದ ತೆಗೆದುಹಾಕಿದಳು. ಕಟ್ಟಡಗಳ ಮೇಷ್ಟ್ರು ಫೋನಿನಲ್ಲಿ ಹಾರಾಡಿದರು. ಅಕ್ಕನ ಮೇಲಧಿಕಾರಿ ಮಾತ್ರ, ಕೋರ್ಟು ಕಚೇರಿ ಇಲ್ಲದೆ ಮುಗಿಯಿತಲ್ಲ, ಇನ್ನು ಆ ಅಜ್ಜಿಯ ತಂಟೆಗೆ ಹೋಗಬೇಡ ಎಂದು ಕಡತ ಮುಚ್ಚಿಸಿದರು. ಮನೆಯಲ್ಲಿ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಮುಖ ನೋಡಿ ಸುಮ್ಮನಾದ.

ಅಕ್ಕನಿಗೆ ತನ್ನ ಹೆಮ್ಮೆಗೆ ಪೆಟ್ಟು ಬಿದ್ದದ್ದು ನೋವಾಗಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಅದಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ ಅವಳನ್ನು ಕೊರೆಯುತ್ತಿತ್ತು. ಮಾರನೆಯ ಬೆಳಿಗ್ಗೆ ಮೇಲಧಿಕಾರಿಯ ಮಾತನ್ನು ಗಾಳಿಗೆ ತೂರಿ, ಓದುವ ಕೋಣೆಯ ಕಿಟಕಿ ಪಕ್ಕ ಹೋಗಿ ಅಜ್ಜಿಯ ಎದುರು ಕೂತಳು.

"ಟೀಚರ್, ಒಂದು ಮಾತು," ಅಂದಳು ಮೆಲ್ಲಗೆ. "ನೀವು ಇರೋವರೆಗೆ ಆ ಪುಸ್ತಕ ನಿಮ್ಮದು. ನಿಮ್ಮ ನಂತರವೂ ಒಂದಷ್ಟು ವರ್ಷ ಕಾಯ್ದೆ ಅದನ್ನ ಕಾಯುತ್ತೆ. ಅದಾದ ಮೇಲೆ ಯಾರು ಬೇಕಾದರೂ ಹಾಕಬಹುದು, ನನ್ನಂಥವಳು ಇನ್ನೊಬ್ಬಳು ಹಾಕೇ ಹಾಕ್ತಾಳೆ. ತಪ್ಪೂ ಅದರ ಜೊತೆ ಹೋಗುತ್ತೆ. ಆವಾಗ ಅದು ತಪ್ಪು ಅಂತ ಹೇಳೋರು ಯಾರೂ ಇರಲ್ಲ, ಯಾರಿಗೂ ಗೊತ್ತೂ ಇರಲ್ಲ. ತಿದ್ದೋಕೆ ಆಗೋದು ಈಗ ಮಾತ್ರ, ನಿಮ್ಮೊಬ್ಬರ ಕೈಲಿ ಮಾತ್ರ."

ಅಜ್ಜಿ ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ, ಎರಡು ವರ್ಷದಿಂದ ಅಳತೆ ನಿಂತುಹೋಗಿದೆ, ಕಣ್ಣಿಗೆ ಸ್ಕೇಲಿನ ಗೆರೆ ಕಾಣುವುದಿಲ್ಲ, ಅರ್ಧ ಗೊತ್ತಿರುವುದನ್ನು ಇನ್ನೊಂದು ಸಲ ಬರೆಯಲಾರೆ ಎಂದರು. ಹಾಗಾದರೆ ನನ್ನ ಕಣ್ಣು ಇದೆಯಲ್ಲ ಎಂದಳು ಅಕ್ಕ. ಅಜ್ಜಿ ಅಳೆಯುತ್ತಿದ್ದ ಆ ಗೋಡೆಯ ಕಲ್ಲುಹೂವಿನ ಚಿತ್ರವನ್ನು ಮೂಲದ ಗಾತ್ರಕ್ಕೆ ಒಂದಿಷ್ಟೂ ಹೆಚ್ಚುಕಮ್ಮಿಯಾಗದಂತೆ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿಕೊಂಡಳು. ಊಟದ ಬಿಡುವಿನಲ್ಲಿ ಇಬ್ಬರೂ ಹೊರಟರು.

ಗೋಡೆ ಇದ್ದದ್ದು ಬಸ್ ಡಿಪೋ ಹಿಂದೆ, ಹಳೆಯ ನೀರಿನ ಟ್ಯಾಂಕಿನ ಕೆಳಗೆ. ಕೆಟ್ಟ ಬಸ್ಸುಗಳ ಟೈರುಗಳನ್ನು ಪೇರಿಸಿಟ್ಟ ಜಾಗ. ಅಜ್ಜಿ ಕಲ್ಲುಗಳ ಮೇಲೆ ಕೈ ಸವರುತ್ತ ಹೋಗಿ ಒಂದು ಕಡೆ ನಿಂತರು. ಎದೆಯೆತ್ತರದಲ್ಲಿ ಅಂಗೈಗಿಂತ ಚಿಕ್ಕದಾದ, ಬೂದುಹಸಿರಿನ ಒಂದು ಬಿಲ್ಲೆ. ಇಷ್ಟೇನಾ ಎಂದು ಅಕ್ಕನ ಬಾಯಿಗೆ ಬಂದಿತ್ತು. ನಾಲಿಗೆ ಕಚ್ಚಿಕೊಂಡಳು.

ಹಾಳೆಯನ್ನು ಅದರ ಮೇಲೆ ಹಿಡಿದಳು. ಮೇಲೆ ಅಜ್ಜಿ ಯೌವನದಲ್ಲಿ ಬರೆದ ಅಂಚು, ಕೆಳಗೆ ಇವತ್ತಿನ ಅಂಚು. ಅದೇ ಸುಕ್ಕು, ಅದೇ ಬಿರುಕು, ಸ್ವಲ್ಪ ದೊಡ್ಡದಾಗಿ. ಎರಡರ ನಡುವೆ ಉಳಿದ ಜಾಗದಲ್ಲಿ ಅಕ್ಕ ತನ್ನ ಕಿರುಬೆರಳ ಉಗುರನ್ನಿಟ್ಟಳು. ಸರಿಯಾಗಿ ಅಷ್ಟೇ ಅಗಲ.

 ಆ ಉಗುರಿನಷ್ಟು ಜಾಗದೊಳಗೇ ಅಕ್ಕ ಹುಟ್ಟಿದ್ದಳು. ಶಾಲೆಗೆ ಹೋದದ್ದು, ಅಪ್ಪ ಹೋದದ್ದು, ಮದುವೆ, ಮಗಳು ಹೆಜ್ಜೆಯಿಟ್ಟದ್ದು, ಈ ನೌಕರಿ, ತಿರುಗಿಸಿದ ಅಷ್ಟೂ ಪುಟಗಳು, ಎಲ್ಲವೂ ಅಷ್ಟರಲ್ಲೇ ಆಗಿಹೋಗಿತ್ತು. ಆಚೆ ಬಸ್ಸುಗಳು ಹಾರ್ನ್ ಹೊಡೆಯುತ್ತ ಬಂದು ಹೋಗುತ್ತಿದ್ದವು. ಈ ಬಿಲ್ಲೆ ಮಾತ್ರ ತನ್ನ ಪಾಡಿಗೆ ತಾನು, ಯಾರ ಕಣ್ಣಿಗೂ ಬೀಳದ ಹಾಗೆ ಇಲ್ಲಿಯವರೆಗೆ ಬಂದಿತ್ತು. ಅಲ್ಲ, ಒಬ್ಬರ ಕಣ್ಣಿಗೆ ಬಿದ್ದಿತ್ತು. ಕೂದಲೆಳೆಯಷ್ಟು ಬೆಳೆದಿದೆಯೋ ಇಲ್ಲವೋ ಎಂದು ನೋಡಲು ವರ್ಷಕ್ಕೊಮ್ಮೆ ಒಬ್ಬ ಹೆಂಗಸು ಈ ಟೈರುಗಳ ನಡುವೆ ಬಂದು ನಿಲ್ಲುತ್ತಿದ್ದರು. ಅದಕ್ಕೆ ಸಂಬಳವಿಲ್ಲ, ಶಹಭಾಸ್ ಅನ್ನುವವರಿಲ್ಲ. ತಾನು ಬರೆದದ್ದು ಸುಳ್ಳೆಂದು ಪ್ರತಿ ವರ್ಷವೂ ಇನ್ನಷ್ಟು ಖಚಿತವಾಗುತ್ತಿತ್ತು, ಆದರೂ ಬಂದರು. ಅಕ್ಕನಿಗೆ ಆ ಬಿಲ್ಲೆಯನ್ನು ನೋಡಬೇಕೋ ಅಜ್ಜಿಯನ್ನು ನೋಡಬೇಕೋ ತಿಳಿಯಲಿಲ್ಲ. ಕಣ್ಣು ತುಂಬಿ ಬಂತು.

ಏನೂ ಬೆಳೆಯದ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಏನೂ ಇಲ್ಲ ಎಂದು ಬರೆದುಕೊಳ್ಳುತ್ತಿದ್ದೆ, ಅದನ್ನೂ ಬರೆಯಬೇಕಲ್ಲಮ್ಮ ಎಂದರು ಅಜ್ಜಿ.

ಆಮೇಲೆ ಬಟ್ಟೆಚೀಲದಿಂದ ಹಿತ್ತಾಳೆಯ ಸ್ಕೇಲು ತೆಗೆದುಕೊಟ್ಟರು. ಅಕ್ಕ ಉಸಿರು ಬಿಗಿಹಿಡಿದು ಅಳೆದಳು, ಮತ್ತೊಮ್ಮೆ ಅಳೆದಳು, ಗಟ್ಟಿಯಾಗಿ ಓದಿ ಹೇಳಿದಳು. ಅಜ್ಜಿ ತುಟಿಯಲ್ಲೇ ಲೆಕ್ಕ ಹಾಕಿದರು. ಅಳತೆ ಬಿಟ್ಟ ಎರಡು ವರ್ಷದಲ್ಲಿ ಅದು ಒಂದು ಗೆರೆಯೂ ಮುಂದೆ ಹೋಗಿರಲಿಲ್ಲ. ಉಳಿದಿದ್ದ ಅನುಮಾನವೂ ಹೋಗಿ ಅವರ ಮುಖ ಸಡಿಲವಾಯಿತು.

"ಬರ್ಕೋ, ಪುಸ್ತಕ ಮತ್ತೆ ಹಾಕುವಾಗ ಇದು ಮೊದಲ ಪುಟದಲ್ಲಿರಲಿ," ಅಂದರು. ಶಾಲೆಯಲ್ಲಿ ಮಕ್ಕಳಿಗೆ ಉಕ್ತಲೇಖನ ಹೇಳುವ ಧ್ವನಿ. ಅಕ್ಕ ಹಾಳೆ ಮಡಚದಿರಲೆಂದು ಜೊತೆಗೆ ತಂದಿದ್ದ ರಟ್ಟಿನ ಮೇಲೆ ಬರೆಯತೊಡಗಿದಳು.

"ಓದುವವರ ಗಮನಕ್ಕೆ. ಈ ಪುಸ್ತಕದ ಲೆಕ್ಕ ತಪ್ಪು. ಕಲ್ಲುಹೂವು ಮೊದಮೊದಲು ಬೇಗ ಬೆಳೆಯುತ್ತದೆ, ಆಮೇಲೆ ನಿಧಾನ ಮಾಡುತ್ತದೆ. ನಿಂತೇ ಹೋಯಿತು ಅನ್ನಿಸುವಷ್ಟು ನಿಧಾನ. ಆದರೂ ಅದು ಜೀವಂತವಾಗಿರುತ್ತದೆ. ಇದನ್ನು ಬರೆದಾಗ ನನಗೆ ಮೂವತ್ತು ವರ್ಷ. ಎಲ್ಲವೂ ಅದೇ ವೇಗದಲ್ಲಿ ಬೆಳೆಯುತ್ತಲೇ ಇರುತ್ತದೆ ಅಂದುಕೊಂಡಿದ್ದೆ."

ಅಕ್ಕನ ಕೈ ಒಂದು ಗಳಿಗೆ ನಿಂತಿತು. ಅಜ್ಜಿ, ಬರೆದಾಯಿತೇ ಎಂದು ಕೇಳಿದರು. ಆಯಿತು ಎಂದ ಮೇಲೆ ರಟ್ಟನ್ನು ಇಸಿದುಕೊಂಡು, ಆ ಬಿಲ್ಲೆಗೆ ತಾಗದಂತೆ ಪಕ್ಕದ ಕಲ್ಲಿಗೆ ಒತ್ತಿ ಹಿಡಿದು, ತಡಕಾಡಿ ಜಾಗ ಹುಡುಕಿ ಸಹಿ ಹಾಕಿದರು.