ಬಕೆಟ್ ಮಾಮನ ತಪಸ್ಸು

ಋಷಿಗಳು ತಪಸ್ಸಿಗೆ ಹುಲಿಚರ್ಮ ಹಾಸಿಕೊಂಡರೆ, ನಮ್ಮ ಬೀದಿಯಲ್ಲಿ ಮರ ಸವರುವವನು ಒಂದು ನೀಲಿ ಬಕೆಟ್ಟನ್ನು ಬೋರಲು ಹಾಕಿಕೊಂಡ. ಯಾರ ಮನೆಯ ಅಂಜೂರಕ್ಕೆ ಕರೆದರೂ ಸರಿ, ಅದರ ಮೇಲೆ ಕುಳಿತು, ತೊಡೆಯ ಮೇಲೆ ಕತ್ತರಿ ಇಟ್ಟುಕೊಂಡು, ಎರಡು ದಿನ, ಕೆಲವೊಮ್ಮೆ ಮೂರು ದಿನ ಮರವನ್ನೇ ದಿಟ್ಟಿಸುತ್ತಿದ್ದ. ಮರ ಅವನೊಡನೆ ಕಷ್ಟಸುಖ ಹೇಳಿಕೊಳ್ಳುತ್ತದೆಂದು ಬೀದಿ ನಂಬಿತು. ಅವನು ಆಕಳಿಸಿದರೆ ಬೇರಿಗೆ ನೀರು ಸಾಲದು ಎಂದು ಅರ್ಥ ಬಿಡಿಸುವ ಪಂಡಿತರೂ ಹುಟ್ಟಿಕೊಂಡರು. ಬಕೆಟ್ ಮಾಮ ಎಂಬ ಬಿರುದು ಖಾಯಂ ಆಯಿತು.

ಹೊಲಿಗೆ ಅಕ್ಕನ ಅಂಗಳದ ಅಂಜೂರ ತಾರಸಿಯನ್ನೂ ಮೀರಿ ಬೆಳೆದಿತ್ತು. ಕಾರಣ ಅಕ್ಕನ ಕರುಣೆ. ಪ್ರತಿವರ್ಷ ಕತ್ತರಿ ಹಿಡಿದು ಹೋಗುವಳು. ಕೊಂಬೆಯಿಂದ ಹಾಲು ಒಸರಿದ್ದೇ ತಡ, "ಅಯ್ಯೋ ಪಾಪ" ಎಂದು ನಾಲ್ಕು ಎಲೆ ಕಿತ್ತು ವಾಪಸಾಗುವಳು. ಹಣ್ಣೆಲ್ಲ ತುದಿಯಲ್ಲಿ ಬಿಟ್ಟು ಬಾವಲಿಗಳ ಪಾಲಾಗುತ್ತಿತ್ತು. ಆದರೂ ಆ ಮರದ ನೆರಳಲ್ಲೇ ಅವಳ ಹೊಲಿಗೆ ಯಂತ್ರ, ಅವಳ ಇಡೀ ಹಗಲು.

ಅವಳ ತಮ್ಮ ಮೂವತ್ತು ವರ್ಷ ಮ್ಯಾನೇಜರ್ ಆಗಿದ್ದವನು. ನಿವೃತ್ತಿಯ ಮೇಲೆ ದರ್ಬಾರು ನಡೆಸಲು ಅಕ್ಕನೊಬ್ಬಳೇ ಉಳಿದಿದ್ದಳು. ಮನೆ ಅವನ ಹೆಸರಲ್ಲಿತ್ತು, ಬಾಯಿ ಮಾತ್ರ ಅಕ್ಕನದು.

"ಈ ವರ್ಷ ಕೈಗೆ ಹಣ್ಣು ಸಿಗದಿದ್ರೆ ಬುಡಕ್ಕೇ ಗರಗಸ ಹಾಕಿಸ್ತೀನಕ್ಕಾ. ಕಾರು ನಿಲ್ಲಿಸೋಕೆ ಜಾಗ ಬೇಕು."

"ಮೊದಲು ಕಾರು ತಗೊಳ್ಳೋ!"

ಎಂದಳೇನೋ ನಿಜ, ಆದರೂ ಹೆದರಿ ಬಕೆಟ್ ಮಾಮನಿಗೆ ಹೇಳಿಕಳಿಸಿದಳು. ಮಾಮ ಬಂದ, ಕುಳಿತ, ಮೂರು ದಿನ ತುಟಿ ಬಿಚ್ಚಲಿಲ್ಲ. ಎರಡನೆಯ ದಿನ ತಮ್ಮನೂ ಕುರ್ಚಿ ತಂದು ಪಕ್ಕದಲ್ಲಿ ಕುಳಿತು ಡೈರಿಯಲ್ಲಿ ಟಿಪ್ಪಣಿ ಬರೆದ. ನಾಲ್ಕನೆಯ ಬೆಳಗ್ಗೆ ಮಾಮ ಏಣಿ ಹತ್ತಿದ. ಮಧ್ಯಾಹ್ನದ ಹೊತ್ತಿಗೆ ಎದೆಮಟ್ಟದ ಐದು ಮೋಟುಗಳು ಉಳಿದವು, ಮಾಮನ ತೋಳೆಲ್ಲ ಸೊನೆ ತಗುಲಿ ಕೆಂಪಗೆ ಬೊಬ್ಬೆ.

"ಸವರು ಅಂದ್ರೆ ಕೊಂದೇ ಬಿಟ್ಯಲ್ಲೋ ಪಾಪಿ!"

"ಅಂಜೂರ ಹೊಸ ಚಿಗುರಲ್ಲೇ ಕಾಯಿ ಕಟ್ಟೋದು ಅಕ್ಕಾ. ಸ್ವಲ್ಪ ತಡ್ಕೊ," ಎಂದ ಮಾಮ, ತೋಳು ಕೆರೆದುಕೊಳ್ಳುತ್ತ.

ಅಕ್ಕ ಬಿಸಿಲಲ್ಲಿ ಛತ್ರಿ ಕಟ್ಟಿಕೊಂಡು ಹೊಲಿದಳು. ತಮ್ಮ ಟೇಪು ಹಿಡಿದು, ಇನ್ನೂ ಕೊಳ್ಳದ ಕಾರಿಗೆ ಅಳತೆ ತೆಗೆದ. ಮೂರನೆಯ ವಾರ ಮೋಟುಗಳು ಚಿಗುರಿದವು. ಐದು ತಿಂಗಳಿಗೆ ಎಲೆಯ ಕಂಕುಳಲ್ಲೆಲ್ಲ ಕಾಯಿ. ಅಕ್ಕ ಯಂತ್ರದ ಮುಂದೆ ಕುಳಿತಲ್ಲಿಂದಲೇ ಮೊದಲ ಹಣ್ಣು ಕಿತ್ತಳು. ತಮ್ಮ ರಾತ್ರೋರಾತ್ರಿ ಭಕ್ತನಾದ. "ಆ ಮೂರು ದಿನದ ಮೌನ ಇದೆಯಲ್ಲ, ಅದೇ ಮರ್ಮ!" ಎಂದು ಬೀದಿಯುದ್ದ ಉಪನ್ಯಾಸ ಮಾಡಿದ. ನಾಲ್ಕು ಮನೆಯವರು ತಂತಮ್ಮ ನಿಂಬೆಗಿಡದ ಮುಂದೆ ಬಕೆಟ್ ಬೋರಲು ಹಾಕಿ ಕುಳಿತರು.

ಕೊನೆಗೊಂದು ದಿನ ಅಕ್ಕ ಮಾಮನ ಕೈಗೆ ತಟ್ಟೆ ತುಂಬ ಹಣ್ಣು ಕೊಟ್ಟಳು. ತಮ್ಮ ಡೈರಿ ಬಿಚ್ಚಿ, ಪೆನ್ನು ಹಿಡಿದು, ದನಿ ತಗ್ಗಿಸಿ ಕೇಳಿದ: "ಮಾಮ, ಆ ಮೂರು ದಿನ ಮರ ನಿಮಗೆ ಏನು ಹೇಳ್ತು?"

ಮಾಮ ಹಣ್ಣು ಪೂರ್ತಿ ನುಂಗಿ ಹೇಳಿದ: "ಮರ ಏನ್ ಹೇಳುತ್ತೆ ಸಾರ್? ನನ್ನ ಹತ್ರ ಏಣಿ ಇಲ್ಲ. ಬಣ್ಣ ಹೊಡೆಯೋನು ಅವನ ಏಣಿ ಕೊಡೋ ತನಕ ಎಲ್ಲಾದ್ರೂ ಕೂರಬೇಕಲ್ಲ."