ಪ್ರಾರ್ಥನೆಯ ಉಳಿದರ್ಧ

ಇವತ್ತು ಮಧ್ಯಾಹ್ನ ಬೇಲಿಯಾಚೆಯ ಸೆರಪಿನ ಬಾಯಿಯ ಸೊಸೆ ಒಂದು ತಟ್ಟೆ ತಂದುಕೊಟ್ಟು ಹೋದಳು. ಮೇಲೆ ಕ್ರೋಶಾ ಹೆಣಿಗೆಯ ಬಿಳಿ ಬಟ್ಟೆ, ಅಡಿಯಲ್ಲಿ ಕ್ರಿಸ್ಮಸ್ಸಿನ ನೆವ್ರಿ. ನಮ್ಮ ಕರ್ಜಿಕಾಯಿಗೆ ತಂಗಿ ಎನ್ನಬಹುದು. ಬಟ್ಟೆ ಎತ್ತಿದ್ದೇ ತಡ, ಎಳ್ಳು, ಏಲಕ್ಕಿ, ಸಕ್ಕರೆಯ ಪರಿಮಳ ಬಂದು ನಾನು ತಟ್ಟೆ ಹಿಡಿದುಕೊಂಡೇ ಜಗಲಿಯಲ್ಲಿ ಕುಳಿತುಬಿಟ್ಟೆ. ಸಕ್ಕರೆಯ ವಾಸನೆಗೆ ಎಲ್ಲರ ಬಾಯಲ್ಲಿ ನೀರೂರಿದರೆ ನನಗೆ ಮೊದಲು ಮುಖ ಕೆಂಪಾಗುತ್ತದೆ. ಯಾಕೆಂದು ಹೇಳುತ್ತೇನೆ, ಪುರುಸೊತ್ತಿದ್ದರೆ ನೀವೂ ಕುಳಿತುಕೊಳ್ಳಿ.

ಅದು ಎರಡನೇ ಮಹಾಯುದ್ಧದ ಕಾಲ. ವಂಡ್ಸೆಯಿಂದ ಕುಂದಾಪುರದ ಈ ಮನೆಗೆ ನಾನು ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಸೆರಪಿನ ಬಾಯಿ ಬ್ರಹ್ಮಾವರದಿಂದ ಬೇಲಿಯಾಚೆಯ ಮನೆಗೆ ಬಂದದ್ದು ನನಗಿಂತ ಒಂದು ಮಳೆಗಾಲ ಮೊದಲು. ಅವರ ಗಂಡ ಬೈಂದೂರಿಗೆ ಹೋಗುವ ಇದ್ದಿಲು ಗ್ಯಾಸಿನ ಬಸ್ಸಿನ ಡ್ರೈವರು. ವಾರಕ್ಕೊಮ್ಮೆ ಮನೆಗೆ ಬಂದಾಗ ಗುರುತು ಸಿಗಬೇಕಾದರೆ ಮುಖದ ಮಸಿ ತೊಳೆಯಬೇಕಿತ್ತು. ಉಳಿದ ದಿನ ಮನೆಯಲ್ಲಿ ಇಬ್ಬರೇ: ಸೆರಪಿನ ಬಾಯಿ, ಮತ್ತು ಅವರ ಅತ್ತೆ ಜುವಾನ ಬಾಯಿ.

ಜುವಾನ ಬಾಯಿಯ ಬಾಯಿ ಊರಿಗೇ ಗೊತ್ತಿದ್ದದ್ದು. ಅದರಲ್ಲೊಂದು ಕ್ರಮವಿತ್ತು. ಮನೆಯೊಳಗೆ ಮುಗಿಯಬೇಕಾದ ಜಗಳ ಕೊಂಕಣಿಯಲ್ಲಿ. ನೆರೆಕರೆಗೆ ಕೇಳಬೇಕಾದ ಜಗಳ ಕನ್ನಡದಲ್ಲಿ. ಅವರು ಕನ್ನಡಕ್ಕೆ ತಿರುಗಿದರೆಂದರೆ ನಾವು ಒಲೆಯ ಬೆಂಕಿ ಸಣ್ಣ ಮಾಡಿ ಕಿವಿಗೊಡುತ್ತಿದ್ದೆವು. ಸುಳ್ಳೇಕೆ ಹೇಳಲಿ?

ಆದರೆ ಆ ಮನೆಯ ಯಾವ ಜಗಳವೂ ಇಗರ್ಜಿಯ ಸಂಜೆ ಗಂಟೆಯನ್ನು ದಾಟಿ ಬದುಕುತ್ತಿರಲಿಲ್ಲ. ಗಂಟೆಯಾದ ಕೂಡಲೇ ಇಬ್ಬರೂ ಜಪಮಾಲೆ ಹಿಡಿದು ‘ತೇರ್ಸ್’ಗೆ ಕೂರುವರು. ಅದು ಒಬ್ಬರೇ ಹೇಳುವ ಪ್ರಾರ್ಥನೆಯಲ್ಲ. ಐವತ್ತು ಮಣಿಗಳಲ್ಲಿ ಪ್ರತಿಯೊಂದಕ್ಕೂ ಅತ್ತೆ ಅರ್ಧ ಹೇಳಿ ನಿಲ್ಲಿಸಿದರೆ ಉಳಿದರ್ಧವನ್ನು ಸೊಸೆ ಎತ್ತಿಕೊಳ್ಳಬೇಕು. ಕೊನೆಗೆ ಚಿಕ್ಕವರು ಮೊಣಕಾಲೂರಿ ಹಿರಿಯರಲ್ಲಿ ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳಬೇಕು. ಹಗಲು ಎಷ್ಟೇ ಬೈದಾಡಿರಲಿ, ಆ ಅತ್ತೆ ಕೈ ಎತ್ತಲೇಬೇಕು, ಸೊಸೆ ತಲೆ ಬಗ್ಗಿಸಲೇಬೇಕು. ಮರುದಿನ ಬೆಳಿಗ್ಗೆ ಸೆರಪಿನ ಬಾಯಿ ಕೊಡ ತೊಳೆಯುತ್ತ ಗುನುಗುವುದು ಕೇಳಿದರೆ, ನಿನ್ನೆ ಬೈಸಿಕೊಂಡವರು ಇವರೇ ಹೌದೋ ಎಂದು ನನಗೆ ಅನುಮಾನ. ಬುದ್ಧಿ ಸ್ವಲ್ಪ ಕಡಿಮೆಯಿರಬೇಕು ಎಂದೂ ಅಂದುಕೊಂಡಿದ್ದೆ. ನಾನಾದರೋ ಹೋದ ಚೌತಿಯಲ್ಲಿ ಅತ್ತೆ ಆಡಿದ ಮಾತನ್ನು ಈ ಚೌತಿಯವರೆಗೆ ಉಪ್ಪು ಹಾಕಿ ಕಾಪಿಟ್ಟವಳು.

ಆ ವರ್ಷ ಡಿಸೆಂಬರಿನಲ್ಲಿ ನನ್ನ ಎರಡು ವರ್ಷದ ಮಗನಿಗೆ ವಾಂತಿಭೇದಿ ಹಿಡಿಯಿತು. ಬೆಲ್ಲ ಉಷ್ಣ, ಸಕ್ಕರೆ ನೀರೇ ಕುಡಿಸಿ ಎಂದರು ಪಂಡಿತರು. ಯುದ್ಧದ ಕಂಟ್ರೋಲಿನಲ್ಲಿ ಅಳೆದು ಕೊಟ್ಟ ಸಕ್ಕರೆ ನಮ್ಮಲ್ಲಿ ಮುಗಿದು ವಾರವಾಗಿತ್ತು. ಹಿತ್ತಲಲ್ಲಿ ಅಳುತ್ತಿದ್ದವಳನ್ನು ಸೆರಪಿನ ಬಾಯಿ ಕಂಡರು. ಒಳಗೆ ಹೋಗಿ, ಸೆರಗಿನಡಿ ಒಂದು ಡಬ್ಬಿ ತಂದು ಬೇಲಿ ಹತ್ತಿಳಿಯುವ ತಡಮೆಯ ಮೇಲಿಂದ ದಾಟಿಸಿದರು.

“ಯಾರಿಗೂ ಹೇಳ್ಬೇಡಿ, ಬಾಯಮ್ಮ,” ಎಂದೆ ನಾನು. ಮೊದಲು ಬಂದ ಮಾತು ಅದೇ.

“ಇಲ್ಲೆ ಮಾರಾಯ್ರೆ. ಮಾಣಿಗ್ ಕುಡ್ಸಿ, ಹೋಯ್ನಿ.”

ಕ್ರಿಸ್ತರ ಮನೆಯ ಸಕ್ಕರೆ ಮೊಮ್ಮಗನ ಹೊಟ್ಟೆಗೆ ಹೋಯಿತೆಂದು ತಿಳಿದರೆ ನಮ್ಮತ್ತೆ ನನ್ನ ತಲೆಗೆ ನೀರು ಹೊಯ್ಯಿಸಿ, ತೌರಿನ ದಾರಿ ತೋರಿಸುತ್ತಿದ್ದರು. ಆಗಿನ ಕಾಲ ಹಾಗಿತ್ತು. ಅವರ ಮನೆಯಿಂದ ಹಬ್ಬಕ್ಕೆ ನಮಗೆ ಬರುತ್ತಿದ್ದುದು ಬಾಳೆಹಣ್ಣು, ತೆಂಗಿನಕಾಯಿ ಮಾತ್ರ. ಎರಡು ದಿನದಲ್ಲಿ ಮಗು ಎದ್ದು ಕುಳಿತಿತು.

ಮೂರನೆಯ ದಿನ ಸಂಜೆ ಆಚೆಮನೆಯಲ್ಲಿ ಕನ್ನಡ ಶುರುವಾಯಿತು.

“ಕೇಣಿ, ಎಲ್ರೂ ಕೇಣಿ! ನೆವ್ರಿ ಮಾಡೂಕಂದೇಳಿ ಆರ್ ತಿಂಗ್ಳಿಂದ ಚಮಚ ಚಮಚ ಒಟ್ಟ್ ಮಾಡಿದ್ ಸಕ್ರಿ! ಈ ಹೆಣ್ಣ್ ಬ್ರಹ್ಮಾವರದ್ ತೌರ್ಮನಿಗ್ ಸಾಗ್ಸಿತ್! ಕಳ್ಳಿ!”

ಸೆರಪಿನ ಬಾಯಿ ಹೊರಗೆ ಬಂದರು. ತಡಮೆ ದಾಟಿ ನಮ್ಮ ಜಗಲಿಯ ಕೆಳಮೆಟ್ಟಿಲಲ್ಲಿ ಕುಳಿತರು. ಹೂಬತ್ತಿ ಹೊಸೆಯುತ್ತಿದ್ದ ನಮ್ಮತ್ತೆಗೆ ಹಬ್ಬವೇ ಆಯಿತು. “ಕಳ್ಸಿದ್ದ್ ಹೌದಾ, ಹೆಣೆ?” ಎಂದರು.

“ತೌರಿಗ್ ಕಳ್ಸಲ್ಲೆ ಅಮ್ಮ,” ಎಂದರು ಸೆರಪಿನ ಬಾಯಿ.

“ಮತ್ತ್ ಎಲ್ಲಿಗ್ ಹೋಯ್ತ್?”

ಆ ಪ್ರಶ್ನೆಗೆ ಉತ್ತರ ನನ್ನ ಮಡಿಲಲ್ಲಿ ಹೆಬ್ಬೆರಳು ಚೀಪುತ್ತಿತ್ತು. ಸೆರಪಿನ ಬಾಯಿ ಮಗುವನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅಂಗಳದ ತುಳಸಿಯ ಕಡೆ ಮುಖ ತಿರುಗಿಸಿದರು. ನಾನು ಮೊರ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕಿದೆ. ಅಷ್ಟು ಶುದ್ಧವಾದ ಅಕ್ಕಿ ನಮ್ಮ ಮನೆಯಲ್ಲಿ ಮತ್ತೆಂದೂ ಆಗಿರಲಿಕ್ಕಿಲ್ಲ.

ಗಂಟೆಯಾಯಿತು. ಸೆರಪಿನ ಬಾಯಿ ಏಳಲಿಲ್ಲ. ಇವತ್ತು ಏಳುವುದಿಲ್ಲ, ಅವರ ಖುಷಿ ಇವತ್ತಿಗೆ ಮುಗಿಯಿತು, ಮುಗಿಸಿದವಳು ನಾನೇ ಎಂದುಕೊಂಡೆ. ಆಚೆಮನೆಯಲ್ಲಿ ಜುವಾನ ಬಾಯಿ ಒಬ್ಬರೇ ಶುರುಮಾಡಿದರು. ಅರ್ಧ ಹೇಳಿ ನಿಂತರು. ಮೌನ. ಮತ್ತೆ ಅದೇ ಅರ್ಧ, ಸ್ವಲ್ಪ ಜೋರಾಗಿ. ಮತ್ತೆ ಮೌನ. ಮೂರನೆಯ ಸಲ ಆ ಗಟ್ಟಿ ಗಂಟಲು ನಡುಗಿತು.

ಆಗ ನಮ್ಮ ಮೆಟ್ಟಿಲಿನಿಂದಲೇ ಸೆರಪಿನ ಬಾಯಿ ಉಳಿದರ್ಧವನ್ನು ಹೇಳಿದರು. ದನಿ ಒಡೆದಿತ್ತು. ಆಚೆಯಿಂದ ಇನ್ನೊಂದು ಅರ್ಧ ಬಂತು. ಈಚೆಯಿಂದ ಉತ್ತರ ಹೋಯಿತು. ಹೇಳುತ್ತಲೇ ಎದ್ದರು, ಹೇಳುತ್ತಲೇ ಅಂಗಳ ದಾಟಿದರು, ತಡಮೆ ಹತ್ತಿ ಇಳಿದರು. ಒಳಗೆ ಸೇರುವಾಗ ಎರಡು ದನಿ ಒಂದಕ್ಕೊಂದು ಹೊಂದಿಕೊಂಡಿದ್ದವು. ಕೊನೆಗೆ ಅವರ ತೆರೆದ ಬಾಗಿಲಿನಿಂದ ಕಂಡಿತು: ಸೆರಪಿನ ಬಾಯಿ ಮೊಣಕಾಲೂರಿದ್ದರು, ಅತ್ತೆಯ ಕೈ ತಲೆಯ ಮೇಲಿತ್ತು, ಆ ಕೈ ಬೇಗ ಮೇಲೇಳಲಿಲ್ಲ. ಜುವಾನ ಬಾಯಿ ಕೊಂಕಣಿಯಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು ‘ಪೇಜ್’ ಎಂಬುದೊಂದೇ. ಗಂಜಿ ತಣಿಯುತ್ತದೆ, ಉಣ್ಣು ಎಂದಿರಬೇಕು.

ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಮತ್ತೆ ಗುನುಗು. ನಾನು ಬೇಲಿಯ ಹತ್ತಿರ ಹೋಗಿ, “ಹೇಳಿದ್ರ್ಯಾ?” ಎಂದೆ.

“ಇಲ್ಲೆ. ಮಾಣಿ ಹ್ಯಾಂಗ್ ಇತ್?”

“ನಿಮ್ಗೆ ಸಿಟ್ಟೇ ಬರುದಿಲ್ಯಾ?”

“ಬರ್ದೆ ಇರೂಕ್ ನಾನೇನ್ ಕಲ್ಲಾ? ಬಂದಿತ್. ಆರೆ ಬೆಸಾಂವ್ ಕೇಂಬುಕೆ ಮೊಣ್ಕಾಲ್ ಊರ್ಕಲೆ, ಸಿಟ್ಟ್ ಹೊತ್ಕಂಡ್ ಊರೂಕ್ ಆತಿಲ್ಲೆ. ಶಿಲುಬಿ ಮೇಲಿದ್ದರೇ ಕ್ಷಮಿಸಿದ್ರ್, ನಂಗೆಂತ ದೊಡ್ಡ್ ರೋಗ?” ಎಂದು ನಕ್ಕರು. ಆಮೇಲೆ ಕೊಡ ಕೆಳಗಿಟ್ಟು, “ಖುಷಿ ಅಂದ್ರೆ ಈ ಬಾಮಿ ಇದ್ದಂಗೆ ಕಾಣಿ. ನಿನ್ನಿ ಎತ್ತಿದ್ ನೀರ್ ಇವತ್ತಿಗಾತಿಲ್ಲೆ. ದಿನಾ ಬಗ್ಗ್ಕ್, ದಿನಾ ಎತ್ಕ್. ಆರೆ ಬಾಮಿ ನಾ ತೋಡದ್ದಲ್ಲ, ಏಸು ಸ್ವಾಮಿ ತೋಡಿಟ್ಟದ್. ಅದ್ ಬತ್ತುದಿಲ್ಲೆ,” ಎಂದರು.

ಆ ಕ್ರಿಸ್ಮಸ್ಸಿಗೆ ಅವರ ಮನೆಯಲ್ಲಿ ನೆವ್ರಿ ಆಗಲಿಲ್ಲ. ಜುವಾನ ಬಾಯಿ ಸತ್ತು ಎಷ್ಟೋ ವರ್ಷವಾಯಿತು. ಸೊಸೆಯನ್ನು ಕಳ್ಳಿ ಎಂದದ್ದನ್ನು ಮತ್ತೆಂದೂ ಎತ್ತಲಿಲ್ಲ, ಆದರೆ ಸಕ್ಕರೆ ಎಲ್ಲಿ ಹೋಯಿತೆಂದು ತಿಳಿಯದೆಯೇ ಹೋದರು. ನಮ್ಮತ್ತೆಯೂ ಹೋದರು. ಹೆದರಬೇಕಾದವರು ಯಾರೂ ಉಳಿಯದ ಮೇಲೂ ನಾನು ಬಾಯಿ ಬಿಟ್ಟಿರಲಿಲ್ಲ.

ಇವತ್ತು ನನ್ನ ಸೊಸೆ ತಟ್ಟೆ ನೋಡಿ ಮೆಲ್ಲಗೆ, “ಅತ್ತೆ, ಇದನ್ನ್ ತಿಂಬುದ್ ಯಾರ್?” ಎಂದಳು. “ನಾನು,” ಎಂದು ಒಂದನ್ನು ಅಲ್ಲೇ ಕಚ್ಚಿದೆ. ಮಗನನ್ನೂ ಕರೆದು ಕೂರಿಸಿ ಎಲ್ಲವನ್ನೂ ಹೇಳಿದೆ. ಅವನು, “ಹಾಂಗಾರೆ ನಾನ್ ಆಗ್ಳೇ ಅವ್ರ್ ಹಬ್ಬ ಪೂರಾ ತಿಂದವ,” ಎಂದು ಎರಡು ನೆವ್ರಿ ಎತ್ತಿಕೊಂಡ.

ಈಗ ಸಂಜೆ ಗಂಟೆಯಾಯಿತು. ಸೆರಪಿನ ಬಾಯಿಯ ಮಗ, ಸೊಸೆ ಏಸು ಹುಟ್ಟಿದ ಗೋದಲಿ ಕಟ್ಟಲು ಇಗರ್ಜಿಗೆ ಹೋಗಿದ್ದಾರೆ. ಬೇಲಿಯಾಚೆ ಸೆರಪಿನ ಬಾಯಿಯದೊಂದೇ ದನಿ ಅರ್ಧ ಹೇಳಿತು, ಅಭ್ಯಾಸಬಲದಿಂದ ನಿಂತಿತು. ಮೂವತ್ತು ವರ್ಷ ಕೇಳಿದ ಉಳಿದರ್ಧ ನನಗೆ ಬಾಯಿಪಾಠ. ಅರ್ಥ ಪೂರ್ತಿ ಗೊತ್ತಿಲ್ಲ. ನಾನು ತಡಮೆಯ ಹತ್ತಿರ ಹೋಗಿ ನಿಂತು ಹೇಳಿದೆ.

ಆಚೆಯಿಂದ ಹಳೆಯ ಆ ನಗು.

“ಹ್ವಾಯ್, ನಿಮ್ ಕೊಂಕ್ಣಿ ಕೇಂಡ್ರೆ ನಮ್ಮತ್ತಿ ಎದ್ದ್ ಬತ್ರ್. ಅಡ್ಡಿಲ್ಲೆ, ನಿಲ್ಸ್ಬೇಡಿ. ಇನ್ನ್ ನಲ್ವತ್ತೊಂಬತ್ತ್ ಮಣಿ ಇತ್.”