ಕಂಬಳಿಯ ಮೇಲೆ ನಿಂತ ರಾಕೆಟ್ಟಿನವಳು

ಕುರಿ ಕಾಯುವ ಚಿತ್ರಲಿಂಗಪ್ಪನ ಅನುಮಾನ ಅವನ ಹೆಗಲ ಕಂಬಳಿಯಿದ್ದ ಹಾಗೆ, ಬೇಸಿಗೆಯಲ್ಲೂ ಬಿಡುವವನಲ್ಲ. ಹಿರಿಯೂರು ಬಸ್ಸು ಹತ್ತಿದರೆ ಕಂಡಕ್ಟರನ್ನು ಕೇಳಿ, ಸಾಲದೆಂದು ಪಕ್ಕದವರನ್ನೂ ಕೇಳಿ ಆಮೇಲೆ ಕೂರುವ ಆಸಾಮಿ. ಸಾರಿಗೆ ಉಪ್ಪು ಹಾಕಿದ್ದೇನೆಂದು ಹೆಂಡತಿ ಏಕನಾಥಮ್ಮ ಎಷ್ಟು ಹೇಳಿದರೂ ಬೆರಳು ಅದ್ದಿ ನೆಕ್ಕಿ ನೋಡದೆ ಒಂದು ದಿನವೂ ಉಂಡವನಲ್ಲ.

ಸುಮ್ಮನೆ ಬಂದ ಗುಣವೇನಲ್ಲ ಅದು. ಹಿಂದೆ ಗಾಳಿ ಅಳೆಯುತ್ತೇವೆಂದು ಗುಡ್ಡಕ್ಕೆ ಬಂದವರಿಗೆ ಇವನೇ ಮಜ್ಜಿಗೆ ಕೊಟ್ಟು ದಾರಿ ತೋರಿಸಿದ್ದ. ಬರೀ ಅಳತೆ ಅಂದಿದ್ದರು, ಪುಣ್ಯಾತ್ಮರು! ಆಮೇಲೆ ಗಾಳಿ ಫ್ಯಾನು ಬಂತು, ರಸ್ತೆ ಬಂತು, ಬೇಲಿ ಬಂತು, ಕುರಿಗಳಿಗೆ ಗುಡ್ಡ ತಪ್ಪಿತು. ಈಗ ಮೇಯಿಸಲು ಉಳಿದದ್ದು ಕೆಳಗಿನ ಕಾವಲು ಒಂದೇ. ಆ ಹುಲ್ಲೂ ಹೋದರೆ ಕುರಿ ಮಾರಿ ಕೈಕಟ್ಟಿ ಕೂರುವುದೇ.

ಹೀಗಿರುವಾಗ ಕಾವಲಿಗೆ ಒಂದು ಜೀಪು ಬಂದು, ಇಳಿದ ಹುಡುಗಿ ಮೊದಲು ಗಾಳಿಯನ್ನೇ ಅಳೆದಾಗ ಅವನು ಕುರಿ ಬಿಟ್ಟು ಅಲ್ಲಿಗೇ ಓಡಿದ. ಚಿತ್ರದುರ್ಗದ ಕಾವ್ಯಶ್ರೀಯಂತೆ. ಗೆಳೆಯರ ಜೊತೆ ಹವ್ಯಾಸಕ್ಕೆ ರಾಕೆಟ್ ಮಾಡುತ್ತಾಳಂತೆ. ಅದರ ಎರಡು ಪಕ್ಕಕ್ಕೂ ಚೊಂಬಿನ ಗಾತ್ರದ ಜೆಟ್ ಟರ್ಬೈನ್ ಕಟ್ಟಿದ್ದರು. ಅವು ಗಾಳಿಯನ್ನು ಎಳೆದುಕೊಂಡೇ ಉರಿಯುತ್ತವೆ, ಒಂದಷ್ಟು ಎತ್ತರ ಹೊತ್ತೊಯ್ದು ಕಳಚಿ ಪ್ಯಾರಾಚೂಟಿನಲ್ಲಿ ಇಳಿಯುತ್ತವೆ, ರಾಕೆಟ್ಟು ತನ್ನ ಮದ್ದು ಉಳಿಸಿಕೊಂಡು ಆಮೇಲೆ ಮೇಲೇರುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಚಿತ್ರಲಿಂಗಪ್ಪ ತಲೆಯಾಡಿಸಿದ. ಯಾರೂ ನೋಡದಾಗ ಅವರು ಹಗ್ಗ ಕಟ್ಟಲು ಹೊಡೆದಿದ್ದ ಗೂಟಗಳನ್ನು ಕಿತ್ತು ಜಾಲಿಪೊದೆಗೆ ಎಸೆದ. ಬೇಲಿ ಶುರುವಾಗುವುದೇ ಗೂಟದಿಂದ, ಅವನಿಗೇನು ಗೊತ್ತಿಲ್ಲವೇ?

ಅವರು ಬೇರೆ ಗೂಟ ಹೊಡೆದರು. ಟರ್ಬೈನುಗಳು ಕಿವಿ ತೂತಾಗುವಂತೆ ಸಿಳ್ಳೆ ಹಾಕಿದವು, ಕುರಿಗಳು ಒತ್ತಿಕೊಂಡು ನಿಂತವು. ರಾಕೆಟ್ಟು ಬಿಂಕದಿಂದ ಎದ್ದಿತು, ಟರ್ಬೈನುಗಳು ಕಳಚಿದವು, ಮೇಲೆ ರಾಕೆಟ್ಟಿನ ಮದ್ದು ಹೊತ್ತಿ ಅದು ಕಣ್ಮರೆಯಾಯಿತು. ಎಲ್ಲವೂ ಅವಳು ಹೇಳಿದ ಹಾಗೇ. ಚಿತ್ರಲಿಂಗಪ್ಪನ ಅನುಮಾನ ಇದರಿಂದ ಇನ್ನೂ ಹೆಚ್ಚಿತು. ಗಾಳಿ ಅಳೆದವರದೂ ಮೊದಲು ಎಲ್ಲ ಸರಿಯಾಗಿಯೇ ಇತ್ತಲ್ಲ.

ಅವನು ನೇರ ಹೋಗಿ ಅವಳ ಮುಂದೆ ಕಂಬಳಿ ಹಾಸಿದ. ಕಂಬಳಿಯ ಮೇಲೆ ನಿಂತು ಸುಳ್ಳಾಡಿದರೆ ಮನೆತನ ಉಳಿಯದೆಂಬುದು ಅವನ ಹಟ್ಟಿಯವರ ನಂಬಿಕೆ.

"ಇದರ ಮ್ಯಾಲೆ ನಿಂತು ಹೇಳವ್ವ, ಈ ಜಾಗ ನಿಮಗೆ ಬ್ಯಾಡ ಅಂತ."

ಜೊತೆಗಿದ್ದ ಕಿರಣ್‌ಕುಮಾರ್, ಹೇಳಿಬಿಟ್ಟು ಬಾ, ಹೊತ್ತಾಯಿತು ಎಂದ. ಕಾವ್ಯಶ್ರೀ ಶೂ ಬಿಚ್ಚಿ ಕಂಬಳಿಯ ಮೇಲೆ ನಿಂತಳು. ಕಾಲಡಿಯ ಕಂಬಳಿಯನ್ನೊಮ್ಮೆ ನೋಡಿದಳು.

"ಆಗಲ್ಲ ಅಜ್ಜ. ಇದು ಹಾರಿದ್ರೆ ಸರ್ಕಾರದ ಹತ್ರ ಈ ಕಾವಲನ್ನೇ ಕೇಳ್ತೀವಿ ಅಂತ ನಮಗೆ ದುಡ್ಡು ಹಾಕಿದೋರು ಹೇಳಿದಾರೆ. ಹಾರಿಬಿಡ್ತು."

ಕಿರಣ್‌ಕುಮಾರ್ ಮುಖ ತಿರುಗಿಸಿದ. ಚಿತ್ರಲಿಂಗಪ್ಪ, ಇವರಿಗೆ ತೊಟ್ಟೂ ಕೊಡಬಾರದೆಂದು ಬೆಳಗಿನಿಂದ ಮರೆಮಾಡಿದ್ದ ಮಜ್ಜಿಗೆ ಬಾಟಲಿ ತೆಗೆದು ಅವಳ ಕೈಗಿಟ್ಟ.

"ಬಿಸಿಲೈತೆ, ಕುಡಿಯವ್ವ," ಎಂದ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಕುರಿ ಹೊಡೆದುಕೊಂಡು ಹೊರಟ.

ಮನೆಯಲ್ಲಿ ಏಕನಾಥಮ್ಮ ಬಿಸಿಮುದ್ದೆ ಇಟ್ಟು ಸಾರು ಬಿಟ್ಟಳು. ಅವಳಿನ್ನೂ ಉಪ್ಪಿನ ಮಾತೆತ್ತುವ ಮೊದಲೇ ಅವನು ಮುದ್ದೆ ಮುರಿದು ಸಾರಿಗದ್ದಿ ನುಂಗಿದ. ಬೆರಳು ನೆಕ್ಕಿ ನೋಡಲಿಲ್ಲ. ಏಕನಾಥಮ್ಮನಿಗೆ ಭಯವಾಯಿತು.